ಹೊಸದಾಗಿ ಬ್ಲಾಗ್ ಬರೆಯುವವರಿಗೆ

ಬ್ಲಾಗಿಗೆ ಮೊದಲು ಬೇಕಾದದ್ದು ಚೆನ್ನಾಗಿ ಬಲ್ಲ ವಿಷಯ. ಗೊರೂರು ರಾಮಸ್ವಾಮಿ ಅಯ್ಯಂಗಾರ್ ‘ಹಳ್ಳಿಯ ಚಿತ್ರಗಳು’ ಪುಸ್ತಕಕ್ಕೆ ಆರಿಸಿಕೊಂಡದ್ದು ತಾವು ಕಂಡುಂಡ ಹಳ್ಳಿಯ ಬದುಕನ್ನೇ. ಬಲ್ಲ ವಿಷಯವೂ ಕಿರಿದಾಗಿರಬೇಕು: ‘ಕೃಷಿ’ ಎಂದು ಹೊರಟರೆ ಬರಹ ಹರಡಿಹೋಗುತ್ತದೆ. ‘ಹಿತ್ತಲಲ್ಲಿ ಬಸಳೆ ಚಪ್ಪರ’ ಎಂದರೆ ಹಿಡಿತಕ್ಕೆ ಸಿಗುತ್ತದೆ. ಬಳ್ಳಿಯ ತುಂಡಿನಲ್ಲಿ ಎಷ್ಟು ಗೆಣ್ಣು ಇರಬೇಕು, ಗೂಟ ಎಷ್ಟು ಎತ್ತರ, ನೀರು ಯಾವ ಹೊತ್ತಿಗೆ ಎಂಬ ವಿವರಗಳೇ ಓದುಗರಿಗೆ ಬೇಕಾದವು.

ಎರಡನೆಯದು ಲಿಪಿ. ಕನ್ನಡವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಬೇಕು. ಹಳೆಯ ಫಾಂಟುಗಳಲ್ಲಿ ಬರೆದದ್ದು ಬೇರೆಯವರ ಮೊಬೈಲಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ; ಗೂಗಲ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ.

ಮೂರನೆಯದು ಹಕ್ಕು. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಸಾಹಿತ್ಯಕೃತಿಯ ಹಕ್ಕು ಲೇಖಕರ ಜೀವಿತಕಾಲ ಮತ್ತು ನಂತರದ 60 ವರ್ಷ ಉಳಿಯುತ್ತದೆ. ಅಂತರ್ಜಾಲದಲ್ಲಿ ಸಿಕ್ಕಿತೆಂಬ ಕಾರಣಕ್ಕೆ ಬೇರೆಯವರ ಚಿತ್ರ, ಕವಿತೆಗಳನ್ನು ಎತ್ತಿ ಹಾಕುವಂತಿಲ್ಲ, ಒಪ್ಪಿಗೆ ಪಡೆಯಬೇಕು.

ಕೊನೆಯದು ಶಿಸ್ತು. ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಓದಿದರೆ ಉಸಿರು ಕಟ್ಟಿಸುವ ಉದ್ದ ವಾಕ್ಯಗಳು ತಾವಾಗಿಯೇ ಸಿಕ್ಕಿಬೀಳುತ್ತವೆ. ದಿನಕ್ಕೊಂದು ಬರೆದು ತಿಂಗಳಲ್ಲೇ ಕೈಬಿಡುವುದಕ್ಕಿಂತ ವಾರಕ್ಕೊಂದು ತಪ್ಪದೆ ಬರೆಯುವುದು ಮೇಲು.