'ಇಲ್ಲದಿದ್ದರೆ' ಯಾವುದಕ್ಕೆ ಸೇರಿದ್ದು?
(ಗುಂಜಹಳ್ಳಿಯಲ್ಲಿ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಂಪ್ಯೂಟರ್ ಭಾಷೆಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನನಗೆ ಸೂಚಿಸಿದ್ದಾರೆ. ನಾನು ಒಂದೇ ಶಬ್ದದ ಬಗ್ಗೆ ಹೇಳುತ್ತೇನೆ. ಆ ಶಬ್ದ 'ಇಲ್ಲದಿದ್ದರೆ'.

ನಮ್ಮಂಥ ಒಂದು ಸಂಸ್ಥೆ ಹೀಗೊಂದು ನಿಯಮ ಬರೆಯಿತು ಎಂದು ಭಾವಿಸಿರಿ: "ಅರ್ಜಿದಾರನು ಪಿಯುಸಿ ಪಾಸಾಗಿದ್ದರೆ, ಅಂಕ ಶೇ. 60 ಇದ್ದರೆ ಧನಸಹಾಯ ಕೊಡುವುದು, ಇಲ್ಲದಿದ್ದರೆ ಪುಸ್ತಕ ಕೊಡುವುದು." ಈಗ ಶೇ. 55 ಅಂಕ ಪಡೆದು ಪಾಸಾದ ಹುಡುಗಿಯೊಬ್ಬಳು ಬಂದಳು. 'ಇಲ್ಲದಿದ್ದರೆ' ಎಂಬುದು ಅಂಕದ ಮಾತಿಗೆ ಸೇರಿದ್ದಾದರೆ ಆಕೆಗೆ ಪುಸ್ತಕ ಸಿಗುತ್ತದೆ. ಪಾಸಿನ ಮಾತಿಗೆ ಸೇರಿದ್ದಾದರೆ ಆಕೆಗೆ ಏನೂ ಸಿಗುವುದಿಲ್ಲ. ನಪಾಸಾದವನಿಗೆ ಪುಸ್ತಕ ಸಿಗುತ್ತದೆ! ಬರೆದವರ ಮನಸ್ಸಿನಲ್ಲಿ ಮೋಸವಿಲ್ಲ. ಆದರೂ ಒಂದು ಮಗುವಿನ ಹಕ್ಕು ತಪ್ಪಿತು.

ಕಂಪ್ಯೂಟರ್ ಭಾಷೆಗಳನ್ನು ರೂಪಿಸಿದವರಿಗೂ ಇದೇ ತೊಡಕು ಎದುರಾಯಿತು. 'ಇಫ್' ಎಂದರೆ 'ಆದರೆ', 'ಎಲ್ಸ್' ಎಂದರೆ 'ಇಲ್ಲದಿದ್ದರೆ'. ಎರಡು ಇಫ್‌ಗಳ ನಂತರ ಒಂದೇ ಎಲ್ಸ್ ಬಂದರೆ ಅದು ಯಾವ ಇಫ್‌ಗೆ ಸೇರಬೇಕು? 1960ರ ಆಲ್ಗಾಲ್ ಭಾಷೆಯ ಕಾಲದಿಂದಲೂ ಪಂಡಿತರು ಇದನ್ನು 'ತೂಗಾಡುವ ಎಲ್ಸ್' ಎಂದು ಕರೆದು ಚರ್ಚಿಸಿದ್ದಾರೆ.

ನೀವು ಕಾಲೇಜಿನಲ್ಲಿ ಓದುವ ಸಿ ಭಾಷೆಯನ್ನೇ ನೋಡಿರಿ. 1989ರಲ್ಲಿ ಅದಕ್ಕೆ ಅಮೆರಿಕದಲ್ಲಿ ಅಧಿಕೃತ ನಿಯಮಾವಳಿ ಬಂತು. ಅದೇ ಬ್ಲಾಕಿನಲ್ಲಿ ಹಿಂದೆ ಇರುವ, ಇನ್ನೂ ಎಲ್ಸ್ ಸಿಗದ, ಹತ್ತಿರದ ಇಫ್‌ಗೆ ಎಲ್ಸ್ ಸೇರುತ್ತದೆ ಎಂದು ಅದರಲ್ಲಿ ಬರೆದರು. ಒಳಗಿನ ಬ್ಲಾಕಿನ ಇಫ್ ಲೆಕ್ಕಕ್ಕಿಲ್ಲ ಎಂದು ಕಂಸದಲ್ಲಿ ಒಂದು ವಿವರಣೆಯನ್ನೂ ಕೊಟ್ಟರು. 1999ರ ಪರಿಷ್ಕರಣೆಯಲ್ಲಿ ಈ ವಾಕ್ಯವನ್ನು ಮತ್ತೆ ತಿದ್ದಿದರು: ವ್ಯಾಕರಣ ಒಪ್ಪುವ, ಹಿಂದಿನ ಹತ್ತಿರದ ಇಫ್‌ಗೆ ಎಲ್ಸ್ ಸೇರುತ್ತದೆ. ಭಾಷೆ ಬದಲಾಗಲಿಲ್ಲ, ಮಾತು ಬಿಗಿಯಾಯಿತು. ಒಂದು ವಾಕ್ಯಕ್ಕಾಗಿ ವಿದ್ವಾಂಸರು ಇಷ್ಟು ಶ್ರಮಪಟ್ಟರು.

ಬರೆದವರು ಸ್ಪಷ್ಟವಾಗಿ ಬರೆದರೆ ಸಾಲದು, ಓದುವವರೂ ಸರಿಯಾಗಿ ಓದಬೇಕು. 'ಬ್ರೇಕ್' ಎಂಬ ಆಜ್ಞೆ ತನ್ನನ್ನು ಸುತ್ತುವರಿದ ಹತ್ತಿರದ ಲೂಪ್ ಅಥವಾ ಸ್ವಿಚ್‌ನಿಂದ ಹೊರಗೆ ಕಳಿಸುತ್ತದೆ. ಇಫ್‌ನಿಂದ ಮಾತ್ರ ಅಲ್ಲ. 1990ರ ಜನವರಿ 15ರಂದು ಅಮೆರಿಕದ ಎಟಿ ಅಂಡ್ ಟಿ ಕಂಪನಿಯ ದೂರದ ಕರೆಗಳ ಜಾಲ ಸುಮಾರು 9 ತಾಸು ಹದಗೆಟ್ಟಿತು. ಸ್ವಿಚ್‌ನೊಳಗಿನ ಇಫ್‌ನಲ್ಲಿ ತಪ್ಪಾಗಿ ಇಟ್ಟ ಒಂದು ಬ್ರೇಕ್ ಅದಕ್ಕೆ ಕಾರಣವಾಗಿತ್ತು.

ಇದು ನಮಗೆ ಪರಕೀಯ ವಿದ್ಯೆಯಲ್ಲ. 'ಅಲ್ಗಾರಿದಂ' ಎಂಬ ಶಬ್ದವೇ 9ನೆಯ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಗಣಿತಜ್ಞ ಅಲ್ ಖ್ವಾರಿಝ್ಮಿಯವರ ಹೆಸರಿನಿಂದ ಬಂದದ್ದು. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ, ಅಲ್ ಬಕರಃ ಅಧ್ಯಾಯದ 282ನೆಯದು, ಸಾಲದ ಕರಾರನ್ನು ಬರೆದಿಡುವ ಬಗ್ಗೆ ಇದೆ. ಸಾಲಗಾರನು ಹೇಳಿ ಬರೆಸಲು ಅಶಕ್ತನಾದರೆ ಯಾರು ಬರೆಸಬೇಕು, ಇಬ್ಬರು ಪುರುಷರು ಸಾಕ್ಷಿಗೆ ಸಿಗದಿದ್ದರೆ ಏನು ಮಾಡಬೇಕು ಎಂಬುದನ್ನೂ ಅದು ಬಿಡದೆ ತಿಳಿಸುತ್ತದೆ. 'ಇಲ್ಲದಿದ್ದರೆ' ಏನು ಎಂಬುದನ್ನು ಸ್ಪಷ್ಟವಾಗಿ ಬರೆಯುವುದು ನ್ಯಾಯದ ಭಾಗವೇ ಆಗಿದೆ.

ಆದ್ದರಿಂದ ವಿದ್ಯಾರ್ಥಿಗಳೆ, ಪ್ರೋಗ್ರಾಂ ಬರೆಯುವಾಗ ಒಂದೇ ಸಾಲಿದ್ದರೂ ಇಫ್‌ಗೆ ಪುಷ್ಪಾವರಣ ಹಾಕಿರಿ. ಹಿರಿಯರೆ, ನಿಯಮ ಬರೆಯುವಾಗ ಎರಡು ಷರತ್ತುಗಳನ್ನು ಒಂದೇ ವಾಕ್ಯದಲ್ಲಿ ತುರುಕಬೇಡಿರಿ. ಬರೆದ ಮೇಲೆ ಶೇ. 55ರ ಆ ಹುಡುಗಿಯನ್ನು ನೆನೆದು ಇನ್ನೊಮ್ಮೆ ಓದಿರಿ.

ಅಲ್ಲಾಹನು ನಮ್ಮೆಲ್ಲರ ಜ್ಞಾನವನ್ನು ಹೆಚ್ಚಿಸಲಿ. ಆಮೀನ್.