ಹ್ಯಾಂಡಲ್ ಇಂಜಿನ್ನಿನಿಂದ ಹಗ್ಗದ ಇಂಜಿನ್ನಿನವರೆಗೆ



ಬೀದರಿನ ಗಾಂಧಿ ಗಂಜಿಗೆ ಸುಗ್ಗಿಯಲ್ಲಿ ಬಂದಿಳಿಯುವ ತೊಗರಿ, ಉದ್ದು, ಹೆಸರು, ಸೋಯಾ, ಕಡಲೆಯ ಲೆಕ್ಕ ಅಡತಿ ಅಂಗಡಿಯ ಖಾತೆಯಲ್ಲಿ ಇದ್ದೇ ಇರುತ್ತದೆ. ಆ ಬೆಳೆಗೆ ಔಷಧಿ ಹೊಡೆದ, ರಾಶಿ ಮಾಡಿದ, ಪಕ್ಕದ ಹೊಲದ ಕಬ್ಬಿಗೆ ನೀರೆತ್ತಿದ ಇಂಜಿನ್ನಿನ ಲೆಕ್ಕ ಬರೆದಿಟ್ಟವರು ಕಡಿಮೆ. ಬೀದರಿನ ಚರಿತ್ರೆ ಎಂದ ಕೂಡಲೇ ನಮ್ಮ ಬಾಯಿಗೆ ಬರುವುದು ಬಹಮನಿಗಳ ಕೋಟೆ, 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ, ನೌಬಾದಿನ ನೆಲದಡಿಯ ಕರೇಜ್. ಭಾಲ್ಕಿ, ಔರಾದ ಕಡೆಯ ಬಾವಿಗಳ ದಂಡೆಯಲ್ಲಿ ಡಬ್ ಡಬ್ ಎಂದು ಓಡಿದ ಇಂಜಿನ್ನೂ ಈ ಚರಿತ್ರೆಗೆ ಸೇರಿದ್ದೇ. ಇವತ್ತಿನ ಮಾತು ಅದರ ಬಗ್ಗೆ.

ಇಂಜಿನ್ ಬರುವ ಮೊದಲು ಬಾವಿಯ ನೀರು ಮೇಲೆ ಬರುತ್ತಿದ್ದುದು ಕಪಿಲೆಯಿಂದ. ಒಂದು ಜೋಡಿ ಎತ್ತು, ಒಂದು ಇಳಿಜಾರು, ಒಂದು ತೊಗಲಿನ ಚೀಲ. ಎತ್ತು ದಣಿದರೆ ನೀರು ನಿಲ್ಲುತ್ತಿತ್ತು. ಆದ್ದರಿಂದ ಬಾವಿ ತುಂಬಿದ್ದರೂ ತೋಟ ಸಣ್ಣದೇ ಇರುತ್ತಿತ್ತು.

ಜರ್ಮನಿಯಲ್ಲಿ ನಿಕೋಲಸ್ ಆಟೋ 1876ರಲ್ಲಿ ನಾಲ್ಕು ಹೊಡೆತದ ಇಂಜಿನ್ ಓಡಿಸಿ ತೋರಿಸಿದ. ರುಡಾಲ್ಫ್ ಡೀಸೆಲ್‌ನ ಇಂಜಿನ್ 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಗೆದ್ದಿತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಇಂಜಿನ್ನನ್ನು ಶೇಂಗಾ ಎಣ್ಣೆಯಲ್ಲಿ ಓಡಿಸಿದ್ದರು. ಹೊಲದ ಬೆಳೆಯಿಂದಲೇ ಇಂಜಿನ್ ಓಡಬಹುದು ಎಂಬ ಮಾತು ಅಷ್ಟು ಹಳೆಯದು. ಇದಕ್ಕೆ ಆಮೇಲೆ ಬರುತ್ತೇನೆ.

ಆ ಕಾಲದ ಎಣ್ಣೆ ಇಂಜಿನ್ನುಗಳಲ್ಲಿ ಹಲವನ್ನು ಚಾಲೂ ಮಾಡಬೇಕಾದರೆ ಮೊದಲು ಅದರ ತಲೆಯನ್ನು ಬ್ಲೋಲ್ಯಾಂಪಿನಿಂದ ಕಾಯಿಸಬೇಕಿತ್ತು. ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಿನ ಲಿಸ್ಟರ್ ಕಂಪನಿ 1930ರಲ್ಲಿ ತಂದ ಇಂಜಿನ್ನಿಗೆ ಆ ಗೊಡವೆ ಇರಲಿಲ್ಲ. ತಣ್ಣಗಿದ್ದಾಗಲೇ ಹ್ಯಾಂಡಲ್ ಹಾಕಿ ತಿರುಗಿಸಿದರೆ ಸಾಕು. ನಿಮಿಷಕ್ಕೆ 600ರ ಆಸುಪಾಸಿನ ಸುತ್ತು, ಐದಾರು ಕುದುರೆ ಶಕ್ತಿ, ಅಕ್ಕಪಕ್ಕ ಎರಡು ಭಾರಿ ಚಕ್ರ. ರಾಜಕೋಟದ ಕಾರ್ಖಾನೆಗಳು ಇದೇ ಮಾದರಿಯನ್ನು ಹಿಡಿದು ದಶಕಗಳ ಕಾಲ ಇಂಜಿನ್ ತಯಾರಿಸಿದವು. ನಮ್ಮ ನಾಡಿನ ಪಾಲೂ ಇದರಲ್ಲಿ ದೊಡ್ಡದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು, ಆಮೇಲೆ ಕಬ್ಬಿಣದ ನೇಗಿಲು ಮಾಡಿದರು, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಅವರ ಮನೆತನ 1946ರಲ್ಲಿ ಪುಣೆಯಲ್ಲಿ ಶುರುಮಾಡಿದ್ದು ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್. ಆಗ ಬೀದರ ಇನ್ನೂ ನಿಜಾಮನ ಕೈಯಲ್ಲಿತ್ತು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು, 1956ರ ನವೆಂಬರ್ 1ರಂದು ನಾವು ಕನ್ನಡ ರಾಜ್ಯಕ್ಕೆ ಬಂದೆವು.

ಈ ಹ್ಯಾಂಡಲ್ ಇಂಜಿನ್ ಚಾಲೂ ಮಾಡುವುದು ತೋಳಿನ ಬಲದಷ್ಟೇ ಕಿವಿಯ ಕೆಲಸ. ಮೊದಲು ಟ್ಯಾಂಕಿನಲ್ಲಿ ಡೀಸೆಲ್ ಇದೆಯೇ ನೋಡಬೇಕು. ಒಮ್ಮೆ ಪೂರ್ತಿ ಖಾಲಿಯಾಗಿದ್ದರೆ ಪೈಪಿನೊಳಗೆ ಗಾಳಿ ಹೊಕ್ಕಿರುತ್ತದೆ. ನಟ್ಟು ಸಡಿಲಿಸಿ, ಗುಳ್ಳೆ ನಿಂತು ಬರೀ ಎಣ್ಣೆ ಬರುವ ತನಕ ಬಿಡಬೇಕು. ಆಮೇಲೆ ತಲೆಯ ಮೇಲಿನ ಸಣ್ಣ ಲಿವರ್ ಎತ್ತುವುದು. ಅದು ವಾಲ್ವನ್ನು ತೆರೆದೇ ಇಡುತ್ತದೆ, ಒಳಗಿನ ಗಾಳಿ ಅದುಮಿಕೊಳ್ಳುವುದಿಲ್ಲ, ಹ್ಯಾಂಡಲ್ ಹಗುರವಾಗಿ ತಿರುಗುತ್ತದೆ. ಚಕ್ರಕ್ಕೆ ವೇಗ ಬಂತು ಎನ್ನಿಸಿದಾಗ ಲಿವರ್ ಬಿಟ್ಟುಬಿಡಬೇಕು. ಆ ಕ್ಷಣದಲ್ಲಿ ಒಳಗಿನ ಗಾಳಿ ಸುಮಾರು ಹದಿನೇಳರಲ್ಲಿ ಒಂದು ಪಾಲಿಗೆ ಕುಗ್ಗಿ, ಕಿಡಿಯ ಹಂಗಿಲ್ಲದೆ ಡೀಸೆಲ್ ಹೊತ್ತಿಕೊಳ್ಳುವಷ್ಟು ಕಾಯುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೀದರಿನ ಬೆಳಗು 10 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಆಗ ಒಳಗಿನ ಕಬ್ಬಿಣವೇ ಆ ಕಾವನ್ನು ಹೀರಿಕೊಳ್ಳುತ್ತದೆ, ಆಯಿಲ್ ಗಟ್ಟಿಯಾಗಿರುತ್ತದೆ, ಒಂದೇ ಸಲಕ್ಕೆ ಹಿಡಿಯುವುದಿಲ್ಲ. ಹಿಡಿದ ಮೇಲೆ ಹ್ಯಾಂಡಲ್ ಕಳಚಿಕೊಳ್ಳದಿದ್ದರೆ ಚಕ್ರದ ಜೊತೆಗೇ ಸುತ್ತಿ ಕೈ ಮುರಿಯುತ್ತದೆ. ಅದಕ್ಕೇ ತಿಳಿದವರು ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತದೆ, ಉಳಿದ ಬೆರಳುಗಳ ಸಾಲಿನಲ್ಲೇ ಇಡುವುದು. ಇಂಥ ವಿದ್ಯೆ ಮಿಸ್ತ್ರಿಯಿಂದ ಮಿಸ್ತ್ರಿಗೆ, ಅಪ್ಪನಿಂದ ಮಗನಿಗೆ ಬಂತು. ನನ್ನ ದೃಷ್ಟಿಯಲ್ಲಿ ಬಿದರಿ ಕಸುಬಿಗೆ ಕೊಡುವ ಗೌರವವನ್ನೇ ಈ ಮಿಸ್ತ್ರಿಗಳಿಗೂ ಕೊಡಬೇಕು.

ಡೀಸೆಲ್ ಇಂಜಿನ್ ಭಾರ ಹೆಚ್ಚು, ಬೆಲೆಯೂ ಹೆಚ್ಚು. ಕೈಯಲ್ಲಿ ಎತ್ತಿಕೊಂಡು ಹೋಗುವ ಪಂಪು ಬೇಕೆಂದವರಿಗೆ ಸಿಕ್ಕಿದ್ದು ಪೆಟ್ರೋಲಿನಲ್ಲಿ ಚಾಲೂ ಆಗಿ ಸೀಮೆಎಣ್ಣೆಯಲ್ಲಿ ಓಡುವ ಇಂಜಿನ್. ತಣ್ಣನೆಯ ಇಂಜಿನ್ನಿನಲ್ಲಿ ಸೀಮೆಎಣ್ಣೆ ಆವಿಯಾಗುವುದಿಲ್ಲ. ಆದ್ದರಿಂದ ಸಣ್ಣ ಟ್ಯಾಂಕಿನ ಪೆಟ್ರೋಲಿನಲ್ಲಿ ಶುರು, ಬಿಸಿಯಾದ ಮೇಲೆ ನಲ್ಲಿ ತಿರುಗಿಸಿ ಸೀಮೆಎಣ್ಣೆಗೆ. ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ಹೊರಳಿಸಬೇಕು. ಇಲ್ಲವಾದರೆ ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆ ಉಳಿದು, ಮರುದಿನ ಎಷ್ಟು ಎಳೆದರೂ ಏಳುವುದಿಲ್ಲ. ರೇಷನ್ ಸೀಮೆಎಣ್ಣೆ ಮನೆಯ ದೀಪಕ್ಕೆ, ಒಲೆಗೆ ಎಂದು ಬರುತ್ತಿದ್ದುದು. ಅದು ಅಗ್ಗವಾಗಿ ಇರುವ ತನಕ ಈ ಇಂಜಿನ್ನಿಗೆ ಕಾಲವಿತ್ತು. ಯಾವ ಇಂಜಿನ್ ಕೊಳ್ಳಬೇಕು ಎಂಬ ಪ್ರಶ್ನೆ ನಿಜವಾಗಿ ಯಾವ ಎಣ್ಣೆ ಸಿಗುತ್ತದೆ ಎಂಬ ಪ್ರಶ್ನೆಯಾಗಿತ್ತು, ಈಗಲೂ ಆಗಿದೆ.

ಒಂದು ಅಪಾಯದ ಮಾತನ್ನು ಇಲ್ಲಿ ಹೇಳಲೇಬೇಕು. ಪಂಪು ನೀರನ್ನು ಎಳೆಯುತ್ತದೆ ಎನ್ನುತ್ತೇವೆ. ನಿಜವಾಗಿ ನೀರನ್ನು ಪೈಪಿನೊಳಗೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ. ಪುಸ್ತಕದ ಲೆಕ್ಕದಲ್ಲಿ ಆ ಒತ್ತಡ ನೀರನ್ನು ಎತ್ತಬಲ್ಲದ್ದು 34 ಅಡಿ, ಬಳಕೆಯಲ್ಲಿ 20ರಿಂದ 25 ಅಡಿ. ಸಮುದ್ರಮಟ್ಟದಿಂದ 2,000 ಅಡಿಗೂ ಎತ್ತರದ ನಮ್ಮ ನೆಲದಲ್ಲಿ ಇನ್ನೂ ಸ್ವಲ್ಪ ಕಡಿಮೆ. ಬಾವಿ ಅದಕ್ಕಿಂತ ಆಳವಾದರೆ ಪಂಪನ್ನೇ ಕೆಳಗಿಳಿಸಬೇಕು, ಜೊತೆಗೆ ಇಂಜಿನ್ನನ್ನೂ. ಬಾವಿಯೊಳಗೆ ಓಡುವ ಇಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಒಬ್ಬ ಬಿದ್ದ ಎಂದು ಇನ್ನೊಬ್ಬ ಇಳಿದು, ಅವನನ್ನು ಎತ್ತಲು ಮತ್ತೊಬ್ಬ ಇಳಿದು ಒಂದೇ ಮನೆಯ ಹಲವರು ಸತ್ತ ಸುದ್ದಿ ದೇಶದಲ್ಲಿ ಇಂದಿಗೂ ಬರುತ್ತದೆ. ದಯವಿಟ್ಟು ಬಾವಿಯೊಳಗೆ ಇಂಜಿನ್ ಓಡಿಸಬೇಡಿ. ಬಿದ್ದವರನ್ನು ಎತ್ತಲು ಹೊಗೆ ತುಂಬಿದ ಬಾವಿಗೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡೂ ಇಳಿಯಬೇಡಿ.

ಕರೆಂಟು ಹಳ್ಳಿಗೆ ಬಂತು. ಕೊಳವೆಬಾವಿಗಳು ಇಳಿದವು, ಅವುಗಳೊಳಗೆ ಸಬ್‌ಮರ್ಸಿಬಲ್ ಮೋಟರು ಕೂತಿತು. ತೆರೆದ ಬಾವಿಗಳು ಬತ್ತಿದವು, ಹ್ಯಾಂಡಲ್ ಇಂಜಿನ್ನುಗಳು ಗುಜರಿಗೆ ಹೋದವು.

ಆದರೆ ಇಂಜಿನ್ ಹೊಲ ಬಿಟ್ಟು ಹೋಗಲಿಲ್ಲ. ಸಣ್ಣದಾಗಿ, ಬೆನ್ನ ಮೇಲೆ ಹೊರುವಷ್ಟಾಗಿ ಮರಳಿ ಬಂತು. ತೊಗರಿಗೆ, ಸೋಯಾಕ್ಕೆ ಔಷಧಿ ಹೊಡೆಯುವ ಪವರ್ ಸ್ಪ್ರೇಯರ್, ಕಳೆ ತೆಗೆಯುವ ವೀಡರ್, ಹುಲ್ಲು ಕತ್ತರಿಸುವ ಯಂತ್ರ. ಹ್ಯಾಂಡಲ್ ಇಲ್ಲ, ಹಗ್ಗ. ಚೋಕ್ ಎಳೆದು, ಹಗ್ಗವನ್ನು ಬಿಗಿ ಸಿಗುವ ತನಕ ಮೆಲ್ಲಗೆ ಎಳೆದು, ಆಮೇಲೆ ಒಂದೇ ಜಗ್ಗು. ಕೆನಡಾದ ಚಳಿಯಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಮನೆಮುಂದಿನ ಹಿಮ ತೆಗೆಯುವ ಯಂತ್ರವನ್ನೂ ಹೀಗೇ ಏಳಿಸುತ್ತವೆ.   ಅಲ್ಲಿ ಬೇಸಿಗೆಯಿಡೀ ಅದು ಮೂಲೆಯಲ್ಲಿ ನಿಲ್ಲುತ್ತದೆ, ನಮ್ಮ ಸ್ಪ್ರೇಯರ್ ರಾಶಿ ಮುಗಿದ ಮೇಲೆ ಮುಂಗಾರಿನ ತನಕ ನಿಲ್ಲುತ್ತದೆ. ನಿಂತ ಯಂತ್ರದ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲೇ ಎರಡೂ ಕಡೆಯ ಶತ್ರು.

ಈಗ ಆ ಪೆಟ್ರೋಲಿನಲ್ಲಿ ನಮ್ಮ ಕಬ್ಬೂ ಇದೆ. 2003ರಲ್ಲಿ ದೇಶದ ಕೆಲವು ರಾಜ್ಯಗಳಲ್ಲಿ ಶೇ. 5 ಎಥನಾಲ್ ಬೆರೆಸುವುದು ಶುರುವಾಯಿತು, 2022ರಲ್ಲಿ ಶೇ. 10 ಮುಟ್ಟಿತು, 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಶೇ. 20ರ ಪೆಟ್ರೋಲಿಗೆ ಚಾಲನೆ ಸಿಕ್ಕಿತು. ಹಳ್ಳಿಖೇಡ, ಹುಣಜಿ, ಜನವಾಡದ ಕಡೆ ಸಕ್ಕರೆ ಕಾರ್ಖಾನೆಗಳನ್ನು ಕಟ್ಟಿಕೊಂಡ ಜಿಲ್ಲೆ ನಮ್ಮದು. ಕಬ್ಬಿನ ಬಾಕಿಗೆ ಕಾಯುವ ರೈತನಿಗೆ ಎಥನಾಲ್ ಇನ್ನೊಂದು ಆದಾಯದ ದಾರಿ ಎಂದು ನಾನು ಈ ಬದಲಾವಣೆಯನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಅದೇ ರೈತನಿಗೆ ತನ್ನ ಕೈಯ ಸಣ್ಣ ಇಂಜಿನ್ನಿನ ಸಲುವಾಗಿ ಎಥನಾಲ್‌ನ ಗುಣ ತಿಳಿದಿರಬೇಕು. ಲೀಟರಿಗೆ ಲೀಟರ್ ಹೋಲಿಸಿದರೆ ಎಥನಾಲ್‌ನ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ. ಅದು ಗಾಳಿಯ ತೇವವನ್ನು ಹೀರುತ್ತದೆ. ನೀರು ಹೆಚ್ಚಾದರೆ ಎಥನಾಲ್ ನೀರಿನ ಜೊತೆ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಕೂರುತ್ತದೆ. ಹಳೆಯ ಯಂತ್ರದ ರಬ್ಬರ್ ಪೈಪು, ವಾಷರುಗಳನ್ನು ಮೆತ್ತಗೆ ಮಾಡುತ್ತದೆ.

ಹಾಗಾಗಿ ಹೊಸದು ಕೊಳ್ಳುವವರು ಇದು ಎಷ್ಟು ಎಥನಾಲ್ ತಡೆದುಕೊಳ್ಳುತ್ತದೆ ಎಂದು ಅಂಗಡಿಯಲ್ಲೇ ಕೇಳಿ, ಕೈಪಿಡಿಯಲ್ಲಿ ತೋರಿಸಲು ಹೇಳಿ. ಟೂ ಸ್ಟ್ರೋಕ್ ಆದರೆ ಕಂಪನಿ ಬರೆದ ಪ್ರಮಾಣದಲ್ಲೇ ಟೂ ಟಿ ಆಯಿಲ್ ಬೆರೆಸಿ. ಆ ಇಂಜಿನ್ನಿನಲ್ಲಿ ಬೇರೆ ಆಯಿಲ್ ಇರುವುದಿಲ್ಲ, ಆಯಿಲಿಲ್ಲದ ಪೆಟ್ರೋಲ್ ಹಾಕಿದರೆ ಪಿಸ್ಟನ್ ಹಿಡಿದುಹೋಗುತ್ತದೆ. ಬೇಕಾದಷ್ಟೇ ಪೆಟ್ರೋಲ್ ತನ್ನಿ. ಬಿಸಿ ಇಂಜಿನ್ನಿಗೆ ಎಣ್ಣೆ ಹುಯ್ಯಬೇಡಿ. ಹಂಗಾಮು ಮುಗಿದಾಗ ಟ್ಯಾಂಕ್ ಬಸಿದು, ಕಾರ್ಬ್ಯುರೇಟರಿನಲ್ಲಿ ಉಳಿದದ್ದೂ ಉರಿದು ಇಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ, ಆಮೇಲೆ ಒಳಗಿಡಿ.