ಕೊಬ್ಬರಿ ಏಕೆ ಕಮಟಾಗುತ್ತದೆ?



ತುಮಕೂರು ನಗರದ ಪ್ರೌಢಶಾಲೆಗಳಲ್ಲಿ ಮಕ್ಕಳು ಜಲವಿಭಜನೆ, ಉತ್ಕರ್ಷಣ, ಸಾಬೂನೀಕರಣ ಎಂಬ ಹೆಸರುಗಳನ್ನು ರಸಾಯನ ಶಾಸ್ತ್ರದ ಪಾಠದಲ್ಲಿ ಕಲಿಯುತ್ತಾರೆ. ಗುಬ್ಬಿ, ಕುಣಿಗಲ್ ಕಡೆಯ ತೆಂಗು ಬೆಳೆಗಾರರ ಕೊಬ್ಬರಿ ಉಳಿಯುವುದೂ ಕೆಡುವುದೂ ಇವೇ ಕ್ರಿಯೆಗಳಿಂದ.

ಎಣ್ಣೆಯ ಪ್ರತಿಯೊಂದು ಅಣುವಿನಲ್ಲಿಯೂ ಗ್ಲಿಸರಾಲಿಗೆ ಮೂರು ಕೊಬ್ಬಿನಾಮ್ಲಗಳು ಅಂಟಿಕೊಂಡಿರುತ್ತವೆ. ಕೊಬ್ಬರಿ ಎಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಲಾರಿಕ್ ಆಮ್ಲ. ನೀರು ಸೇರಿ ಈ ಅಂಟು ಬಿಟ್ಟು, ಆಮ್ಲ ಬಿಡಿಯಾಗುವುದೇ ಜಲವಿಭಜನೆ. ಬರಿಯ ನೀರಿನಿಂದ ಇದು ಬಹು ನಿಧಾನ. ಆದರೆ ತೇವವಿದ್ದಲ್ಲಿ ಬೂಷ್ಟು ಬೆಳೆಯುತ್ತದೆ. ಬೂಷ್ಟಿನ ಕಿಣ್ವಗಳು ಕ್ರಿಯೆಯನ್ನು ಚುರುಕುಗೊಳಿಸುತ್ತವೆ. ಕೆಟ್ಟ ಕೊಬ್ಬರಿಗೆ ಸಾಬೂನಿನಂಥ ರುಚಿ ಬರುವುದು ಈ ಬಿಡಿ ಆಮ್ಲದಿಂದಲೇ.

ಗಾಳಿಯ ಆಮ್ಲಜನಕ ಎಣ್ಣೆಯ ದ್ವಿಬಂಧಗಳ ಮೇಲೆ ಎರಗುವುದು ಉತ್ಕರ್ಷಣ. ಕೊಬ್ಬರಿ ಎಣ್ಣೆಯಲ್ಲಿ ಶೇಕಡಾ 90ರಷ್ಟು ಆಮ್ಲಗಳಿಗೆ ದ್ವಿಬಂಧವೇ ಇಲ್ಲ. ಆದುದರಿಂದ ಕಡಲೆಕಾಯಿ ಎಣ್ಣೆಗಿಂತ ಇದು ಗಾಳಿಗೆ ನಿಧಾನವಾಗಿ ಕೆಡುತ್ತದೆ. ಕೊಬ್ಬರಿಗೆ ಗಾಳಿಗಿಂತ ತೇವವೇ ದೊಡ್ಡ ಶತ್ರು.

ಎಣ್ಣೆಯನ್ನು ಕ್ಷಾರದೊಡನೆ ಕಾಯಿಸಿದರೆ ಸಾಬೂನು ಮತ್ತು ಗ್ಲಿಸರಾಲ್ ಆಗುತ್ತವೆ. ಇದು ಸಾಬೂನೀಕರಣ. ಬಿಡಿ ಆಮ್ಲವಂತೂ ಕ್ಷಾರ ತಗುಲಿದೊಡನೆ ಸಾಬೂನಾಗಿಬಿಡುತ್ತದೆ. ಎಣ್ಣೆ ಶುದ್ಧೀಕರಿಸುವ ಕಾರ್ಖಾನೆಗಳಲ್ಲಿ ಆಮ್ಲವನ್ನು ಹೀಗೆಯೇ ತೆಗೆಯುತ್ತಾರೆ. ಆಮ್ಲ ಹೆಚ್ಚಿದಷ್ಟೂ ಎಣ್ಣೆ ನಷ್ಟ. ಅಂಥ ಕೊಬ್ಬರಿಗೆ ಒಳ್ಳೆಯ ಬೆಲೆ ಸಿಗುವುದಿಲ್ಲ.

ಹಾಗಾದರೆ ರೈತರು ಮಾಡಬೇಕಾದುದೇನು? ಹಸಿ ತಿರುಳಿನಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಅದನ್ನು ಶೇಕಡಾ 6ರ ಮಟ್ಟಕ್ಕೆ ಇಳಿಸಬೇಕು. ಅದಕ್ಕಾಗಿ:

1. ಚೆನ್ನಾಗಿ ಬಲಿತ ಕಾಯಿಗಳನ್ನೇ ಆರಿಸಿ.

2. ಉಂಡೆ ಕೊಬ್ಬರಿಗೆ ಸಿಪ್ಪೆ ಸಹಿತ ಕಾಯಿಗಳನ್ನು 8ರಿಂದ 12 ತಿಂಗಳು ಅಟ್ಟದ ಮೇಲೆ ಬಿಡಿ. ಒಳಗಿನ ನೀರು ಇಂಗಿ, ಅಲುಗಾಡಿಸಿದಾಗ ಗಿಟುಕು ಸದ್ದು ಮಾಡಬೇಕು. ಅವಸರಕ್ಕೆ ಒಡೆಯಬೇಡಿ.

3. ಹೋಳು ಕೊಬ್ಬರಿಯನ್ನು ಒಡೆದ ದಿನವೇ ಬಿಸಿಲಿಗೆ ಹಾಕಿ. ಬರಿ ನೆಲದ ಮೇಲೆ ಹರಡಬೇಡಿ. ರಾತ್ರಿ ಇಬ್ಬನಿ ಬೀಳದಂತೆ ಮುಚ್ಚಿ.

4. ಚೀಲಗಳನ್ನು ಮರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ.

5. ಬೂಷ್ಟು ಹಿಡಿದುದನ್ನು ಒಳ್ಳೆಯದರೊಡನೆ ಬೆರೆಸಬೇಡಿ. ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ. ಅಂಥ ಕೊಬ್ಬರಿಯ ಹಿಂಡಿಯನ್ನು ಹಸುವಿಗೆ ತಿನ್ನಿಸಿದರೆ ವಿಷವು ಹಾಲಿಗೂ ಇಳಿಯುತ್ತದೆ.

ಒಮ್ಮೆ ಬಿಡಿಯಾದ ಆಮ್ಲವನ್ನು ಮನೆಯಲ್ಲಿ ಮತ್ತೆ ಎಣ್ಣೆಯಾಗಿಸಲು ಬಾರದು. ಕಮಟು ವಾಸನೆ ಬಂದ ಮೇಲೆ ಒಣಗಿಸಿ ಫಲವಿಲ್ಲ. ಬೂಷ್ಟು ಕಾಣುವ ಮೊದಲೇ ನೀರನ್ನು ತೆಗೆಯುವುದೊಂದೇ ದಾರಿ.